ಡೋಲಿ ಜಮಾದಾರನ ಎರಡು ಮಾತು

"ಕೈ ಸಡ್ಲ ಬಿಡೋ ಅಯ್ಯಪ್ಪ, ಹಿಂಗ ಬಿಗಿದು ನಿಂತ್ರ ಕೋಟು ಹರೀತೈತಿ," ಎಂದು ಕಂಪೌಂಡರ್ ದಸ್ತಗೀರ ಸಾಹೇಬರು ಬೈದರು. ಕೋಟು ಅವರದೇ. ಮದುವೆಗೆ ಹೊಲಿಸಿದ್ದು, ಈಗ ಅವರ ಹೊಟ್ಟೆಗೆ ಸಾಲದಾಗಿತ್ತು. ಅಯ್ಯಪ್ಪನಿಗೆ ಹೊಟ್ಟೆಯ ತೊಂದರೆ ಇರಲಿಲ್ಲ, ಹೆಗಲಿನದಿತ್ತು. ಇಪ್ಪತ್ತು ವರ್ಷ ಡೋಲಿಯ ಬೊಂಬು ಕೂತೂ ಕೂತೂ ಅವನ ಬಲ ಹೆಗಲ ಮೇಲೆ ಅಂಗೈಯಗಲದ ಗಡ್ಡೆ ಕಟ್ಟಿತ್ತು. ಕೋಟು ಆ ಗಡ್ಡೆ ದಾಟಿ ಕೆಳಗಿಳಿಯಲು ಒಲ್ಲೆನ್ನುತ್ತಿತ್ತು.

"ನಾ ಅಂಗಿ ಮ್ಯಾಲ ಬರತೇನ್ರಿ ಸಾಹೇಬ್ರ. ಕೋಟು ಯಾಕ್ರಿ ನನಗ?"

"ರಾಯಚೂರಿಂದ ಅವ್ವಲ ತಾಲ್ಲೂಕದಾರರು, ಇಡೀ ಜಿಲ್ಲಾಕ್ಕ ದೊಡ್ಡ ಸಾಹೇಬರು, ಬರಾಕತ್ಯಾರ. ಇಡೀ ಜಿಲ್ಲಾದಾಗ ಡೋಲಿ ಹೊರೋ ಮನಷ್ಯಾಗ ರುಮಾಲು ಸುತ್ತಿ ಸನದು ಕೊಡೋದು ಇದ ಮೊದಲು. ಹರಕ ಅಂಗೀಲೆ ನಿಂತ್ರ ಮರ್ಯಾದಿ ನನ್ನದು ಹೋಗ್ತೈತಿ, ನಿಂದಲ್ಲ." ದಸ್ತಗೀರರು ಕೊನೆಗೂ ಒಂದು ಗುಂಡಿ ಹಾಕಿದರು. "ಇನ್ನೊಂದು. ಸನದು ಕೈಗೆ ಬಂದ ಮ್ಯಾಲ ಎರಡು ಮಾತು ಆಡಬೇಕು ನೀನು. ಭಾಳ ಬ್ಯಾಡ, ಎರಡ. ನಾ ಅದನ್ನ ಸಾಹೇಬರಿಗೆ ಉರ್ದುದಾಗ ಹೇಳ್ತೇನಿ. ಮತ್ತ ಆ ಜುಮಲಾಪುರದ ಹೆಣ್ಣಮಗಳು ಬಸವಣ್ಣೆಮ್ಮ ಇದ್ಲಲ್ಲ, ಆಕಿಗೂ ಹೇಳಿ ಕಳಿಸೇವಿ. ಕೂಸಿನ ಕರಕೊಂಡು ಬರ್ತಾಳ."

ಇನ್ನೊಂದು ಗುಂಡಿ ಹಾಕಲು ಹೋದ ಅಯ್ಯಪ್ಪನ ಕೈ ಅಲ್ಲೇ ನಿಂತಿತು. "ಆಕಿ ಬರ್ತಾಳಂತೇನ್ರಿ?" ಎಂದ.

ಕುಷ್ಟಗಿ ಸೀಮೆಯ ಆ ಪುಟ್ಟ ದವಾಖಾನೆಗೆ ಮೋಟಾರು ಇರಲಿಲ್ಲ. ಇದ್ದದ್ದು ಒಂದು ಡೋಲಿ: ಗಟ್ಟಿ ಬೊಂಬಿಗೆ ಹಗ್ಗದಿಂದ ಇಳಿಬಿಟ್ಟ ಸಣ್ಣ ಮಂಚ, ಅದರ ಮೇಲೆ ಬಿಸಿಲಿಗೂ ಮಳೆಗೂ ಒಂದೇ ಕರಿ ಕಂಬಳಿ. ಹೊರುವವರು ನಾಲ್ವರು ಬೋಯಿಗಳು. ಮುಂದೆ ಜಮಾದಾರ ಅಯ್ಯಪ್ಪ, ಅವನ ಬೆನ್ನಿಗೆ ಯಮನಪ್ಪ. ಹಿಂದೆ ಯಮನಪ್ಪನ ತಮ್ಮ ದುರುಗಪ್ಪ, ಎಲ್ಲರಿಗಿಂತ ಕೊನೆಗೆ ಕಳಕಪ್ಪ. ಕಳಕಪ್ಪ ಮಾತು ಕಡಿಮೆಯ ಮನುಷ್ಯ. ಇಡೀ ಹಗಲು ಅವನ ಜೊತೆ ನಡೆದು ಬಂದವನಿಗೂ ಅವನ ದನಿ ಹೇಗಿದೆಯೆಂದು ನೆನಪಿರುತ್ತಿರಲಿಲ್ಲ. ಹಾವು ಕಚ್ಚಿದವರು, ಬಾವಿಗೆ ಬಿದ್ದವರು, ಹೆರಿಗೆ ಕಷ್ಟವಾದವರು ಎಲ್ಲರೂ ಈ ನಾಲ್ವರ ಹೆಗಲ ಮೇಲೆಯೇ ಬರಬೇಕು. ಎರೆಭೂಮಿಯಲ್ಲಿ ಎರಡು ಮಳೆ ಬಿದ್ದರೆ ಬಂಡಿಯ ಗಾಲಿ ಅಚ್ಚಿನ ತನಕ ಹೂತುಹೋಗುತ್ತದೆ. ಮನುಷ್ಯನ ಕಾಲು ಮಾತ್ರ ಹೇಗೋ ಕಿತ್ತುಕೊಂಡು ಬರುತ್ತದೆ.

ಬಸವಣ್ಣೆಮ್ಮನನ್ನು ತಂದದ್ದು ಶ್ರಾವಣದಲ್ಲಿ. ಚೊಚ್ಚಲ ಹೆರಿಗೆ, ಬೇನೆ ಹತ್ತಿ ಎರಡು ದಿನವಾಗಿತ್ತು, ಕೂಸು ಅಡ್ಡ ನಿಂತಿತ್ತು. ಗಂಡ ಗಂಗಾವತಿಯ ಪೇಟೆಗೆ ಹೋಗಿದ್ದ. ಡೋಲಿಯ ಹಿಂದೆ ಹೊರಟ ಮುದಿ ಮಾವ ಅರ್ಧ ಹರದಾರಿಗೇ ಕೆಸರಿನಲ್ಲಿ ಹಿಂದುಳಿದ. ಮಧ್ಯಾಹ್ನದ ಹೊತ್ತಿಗೆ ಹಳ್ಳಕ್ಕೆ ಬಂದಾಗ ನೀರು ಮೊಳಕಾಲಿಗಿತ್ತು. ದಾಟಬಹುದೆಂದು ಇಳಿದರು. ನಡುಹಳ್ಳದ ಕಲ್ಲುದಿಬ್ಬ ಹತ್ತುವಷ್ಟರಲ್ಲಿ ಮೇಲಿನ ಸೀಮೆಯ ಮಳೆ ಬಂದು ಸೇರಿತು. ದಿಬ್ಬದ ಸುತ್ತ ಕೆಂಪು ನೀರು ನೋಡನೋಡುತ್ತ ಸೊಂಟಮಟ್ಟಕ್ಕೇರಿತು. ಅಷ್ಟು ಹೊತ್ತೂ ನರಳುತ್ತಿದ್ದ ಕಂಬಳಿಯೊಳಗಿನ ಜೀವ ಆಗಲೇ ಸುಮ್ಮನಾಯಿತು.

ಅಯ್ಯಪ್ಪ ಎರಡು ಸಲ "ಯವ್ವಾ" ಎಂದು ಕೂಗಿದ. ಉತ್ತರ ಬರಲಿಲ್ಲ.

"ಮುಗೀತು," ಎಂದ. "ಇಳಸ್ರಿ ಇಲ್ಲೇ. ಸತ್ತಾಕಿ ಸಲುವಾಗಿ ನಾಲ್ಕು ಮಂದಿ ಯಾಕ ಸಾಯಬೇಕು? ನೀರು ಇಳಿದ ಮ್ಯಾಲ ಬಂದು ಒಯ್ಯೋಣು."

ಯಮನಪ್ಪ ದುರುಗಪ್ಪ ಇಬ್ಬರೂ ಮೊಳಕಾಲು ಬಗ್ಗಿಸಿದರು. ಜಮಾದಾರನ ಮಾತು. ಜೊತೆಗೆ ಇಬ್ಬರಿಗೂ ಮನೆಯಲ್ಲಿ ಮಕ್ಕಳಿದ್ದವು. ಆದರೆ ಬೊಂಬಿನ ಹಿಂದಿನ ತುದಿ ಕೆಳಗಿಳಿಯಲಿಲ್ಲ.

"ಹೆಣ ಅಲ್ಲಿದು," ಎಂದು ಹಿಂದಿನಿಂದ ಕಳಕಪ್ಪನ ದನಿ ಕೇಳಿತು. "ಹೆಣದ ಭಾರ ಬ್ಯಾರೆ ಇರತೈತಿ. ಹೆಗಲಿಗೆ ಗೊತ್ತಾಗ್ತೈತಿ."

ಅಷ್ಟೇ ಹೇಳಿ ಅವನು ಬೊಂಬನ್ನು ಮುಂದಕ್ಕೆ ನೂಕಿದ. ಹಿಂದಿನವನು ನೂಕಿದರೆ ಮುಂದಿನವನು ಬೀಳಬೇಕು, ಇಲ್ಲ ಹೆಜ್ಜೆ ಇಡಬೇಕು. ಅಯ್ಯಪ್ಪ ಹೆಜ್ಜೆ ಇಟ್ಟ. ಆಮೇಲೆ ಎದೆಮಟ್ಟದ ನೀರಿನಲ್ಲಿ ಬೊಂಬನ್ನು ತಲೆಯ ಮೇಲೆತ್ತಿ ಆಚೆ ದಂಡೆ ಸೇರಿದ್ದು, ಉಳಿದೆರಡು ಹರದಾರಿಯನ್ನು ಎಲ್ಲೂ ನಿಲ್ಲದೆ ಓಡಿದ್ದು, ಹೊತ್ತು ಮುಳುಗುವ ಮುಂಚೆ ದವಾಖಾನೆಯೊಳಗಿಂದ ಕೂಸಿನ ಅಳು ಕೇಳಿದ್ದು ಎಲ್ಲ ನಿಜವೇ. ಡಾಕ್ಟರರು ಹೇಗೆ ದಾಟಿದಿರೆಂದು ಕೇಳಿದಾಗ ಅಣ್ಣತಮ್ಮಂದಿರು, "ನಮ್ಮ ಜಮಾದಾರ ಇದ್ದದ್ದಕ್ಕ ದಾಟಿದ್ವಿರಿ," ಎಂದರು. ಕಳಕಪ್ಪ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ. ಅಯ್ಯಪ್ಪ ಸುಮ್ಮನಿದ್ದ. ಅಂದು ಸುಮ್ಮನಿದ್ದದ್ದು ಮರುದಿನ ಡಾಕ್ಟರರ ವರದಿಯಾಯಿತು, ವರದಿ ರಾಯಚೂರಿಗೆ ಹೋಯಿತು, ಈಗ ಜರಿ ರುಮಾಲಾಗಿ ತಿರುಗಿ ಬಂದಿತ್ತು.

ಈ ನಾಲ್ಕು ತಿಂಗಳಲ್ಲಿ ಅವನನ್ನು ಕಾಡಿದ್ದು ಬೇರೆಯೇ ಒಂದು ವಿಚಾರ. ಹೊರುವವರು ಸದಾ ಮರೆಯುವ ಸಂಗತಿ ಅದು: ಕಂಬಳಿಯ ಒಳಗಿದ್ದವರಿಗೆ ಏನೂ ಕಾಣುವುದಿಲ್ಲ, ಆದರೆ ಎಲ್ಲ ಕೇಳುತ್ತದೆ.

ಹನ್ನೊಂದರ ಸುಮಾರಿಗೆ ಬಸವಣ್ಣೆಮ್ಮ ಅತ್ತೆ ಅನ್ನಮ್ಮನ ಜೊತೆ ಬಂಡಿಯಿಂದ ಇಳಿದಳು. ಇಪ್ಪತ್ತರ ಹುಡುಗಿ, ಇನ್ನೂ ಮೈ ತುಂಬಿರಲಿಲ್ಲ. ಕಂಕುಳಲ್ಲಿ ತಲೆಗೆ ಕುಲಾಯಿ ಹಾಕಿದ ಹೆಣ್ಣುಕೂಸು. ಬೇವಿನ ಗಿಡದ ಕೆಳಗೆ ಜಮಖಾನೆ ಹಾಸುತ್ತಿದ್ದ ಬೋಯಿಗಳ ಹತ್ತಿರ ಅನ್ನಮ್ಮ ನೇರ ಬಂದಳು.

"ನನ್ನ ಮನಿ ದೀಪ ಉಳಿಸಿದಾವ್ರು ನೀವ ಏನ್ರಪಾ?"

"ನಾವರೀ ಅವ್ವಾರ," ಎಂದು ಯಮನಪ್ಪ ಹಲ್ಲು ಬಿಟ್ಟ. ಬಸವಣ್ಣೆಮ್ಮ ಅವನ ಮುಖ ನೋಡಿದಳು. ಕೂಸಿಗೆ ಹೆಸರೇನಿಟ್ಟಿರೆಂದು ದುರುಗಪ್ಪ ಕೇಳಿದ. ಅವಳು ಅವನನ್ನೂ ನೋಡಿ, ದನಿಗೆ ಕಿವಿಗೊಟ್ಟವಳಂತೆ ತಲೆ ಸ್ವಲ್ಪ ಓರೆ ಮಾಡಿ, "ಹುಲಗಮ್ಮ," ಎಂದಳು. ಆಮೇಲೆ ಅವಳ ಕಣ್ಣು ಅಯ್ಯಪ್ಪನ ಮೇಲೆ ಬಂದು ನಿಂತಿತು. ಅಯ್ಯಪ್ಪ ಕೈ ಮುಗಿದ. ಬಾಯಿ ಬಿಡಲಿಲ್ಲ.

"ಯಾಕ, ಮಾತಾಡವಲ್ಲ ಇಂವ?" ಎಂದಳು ಅನ್ನಮ್ಮ.

ಅಯ್ಯಪ್ಪ ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸಿದ. "ನೆಗಡಿ ಆಗಿರಬೇಕ್ರಿ," ಎಂದ ದುರುಗಪ್ಪ. ಸುಳ್ಳು ಎಷ್ಟು ಸಲೀಸಾಗಿ ಒದಗಿ ಬಂತೆಂದರೆ ಅಯ್ಯಪ್ಪನಿಗೇ ನಾಚಿಕೆಯಾಯಿತು. ಸನದು ತೆಗೆದುಕೊಂಡು ಸಲಾಮು ಹೊಡೆದು ಕೂತರಾಯಿತು, ಗಂಟಲು ಕೂತಿದೆ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ ಎಂದುಕೊಂಡ. ಇಷ್ಟಕ್ಕೆ ಮುಗಿಯುತ್ತದೆ. ಬಸವಣ್ಣೆಮ್ಮ ಊರಿಗೆ ಹೋಗುತ್ತಾಳೆ, ತಾನು ಜಮಾದಾರನಾಗಿಯೇ ಉಳಿಯುತ್ತೇನೆ.

ತಾಲ್ಲೂಕದಾರರು ಹೇಳಿದ ಹೊತ್ತಿಗೇ ಬಂದರು. ಬಿಳಿ ಗಡ್ಡದ ಸಣ್ಣ ಆಳು, ಮೆತ್ತಗಿನ ಮಾತು. ಡಾಕ್ಟರರು ವರದಿ ಓದಿದರು. ನೀರು ಎದೆಮಟ್ಟಕ್ಕಿದ್ದದ್ದು ಬಂತು, ಎರಡು ಹರದಾರಿ ಓಡಿದ್ದು ಬಂತು. ಜಮಾದಾರ ಅಯ್ಯಪ್ಪನ ಧೈರ್ಯ ಮೂರು ಸಲ ಬಂತು. ಕಳಕಪ್ಪನ ಹೆಸರು ಎಲ್ಲಿಯೂ ಬರಲಿಲ್ಲ. ಅವನು ಜನರ ಕೊನೆಯ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು, ವರದಿಯನ್ನು ಬೇರೆ ಯಾರದೋ ಊರಿನ ಕಥೆಯೆಂಬಂತೆ ಕೇಳುತ್ತಿದ್ದ.

ಸಾಹೇಬರು ತಮ್ಮ ಕೈಯಾರೆ ಅಯ್ಯಪ್ಪನ ತಲೆಗೆ ರುಮಾಲು ಇಟ್ಟು, ಸನದು ಕೊಟ್ಟು, ಏನೋ ಅಂದರು. "ಹೇಳಪಾ, ಎರಡು ಮಾತು," ಎಂದರು ದಸ್ತಗೀರರು.

ಅಯ್ಯಪ್ಪ ಗಂಟಲಿಗೆ ಕೈ ಒಯ್ದ. ಎದುರಿಗೆ ಜಮಖಾನೆಯ ಮೇಲೆ ಬಸವಣ್ಣೆಮ್ಮ ಕೂಸನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಕೂತಿದ್ದಳು. ಕೂಸು ಜರಿಯ ಹೊಳಪನ್ನು ನೋಡಿ ಬಾಯಿ ತೆರೆದಿತ್ತು. ನಾಲ್ಕು ತಿಂಗಳ ಕೂಸು, ಕತ್ತು ಆಗಲೇ ಗಟ್ಟಿಯಾಗಿ ನಿಂತಿತ್ತು. ಅದು ದಿಬ್ಬದ ಮೇಲೆ ಉಳಿದುಹೋಗಬೇಕಾಗಿದ್ದ ಕತ್ತು ಎಂದು ಅನಿಸಿದ್ದೇ ತಡ, ಅವನ ಕೈ ತಾನಾಗಿ ಕೆಳಗೆ ಬಂತು.

"ಸರಕಾರ," ಎಂದ. ದನಿ ಗಟ್ಟಿಯಾಗಿಯೇ ಬಂತು. ಬಸವಣ್ಣೆಮ್ಮ ಥಟ್ಟನೆ ತಲೆ ಎತ್ತಿದ್ದು ಅವನಿಗೆ ಕಂಡಿತು. "ಆ ದಿನ ನಡುಹಳ್ಳದಾಗ ಡೋಲಿ ಇಳಸ್ರಿ ಅಂದಾಂವ ನಾನರಿ. ಸತ್ತಾಳ ಅಂದೆ. ಸತ್ತಾಳೋ ಇಲ್ಲೋ ಕಂಬಳಿ ತಗದು ನೋಡಲಿಲ್ರಿ. ನೋಡಿದ್ರ ಹೊರಬೇಕಾಗ್ತೈತಿ ಅಂತ ನೋಡಲಿಲ್ಲ. ಜೀವ ಐತಿ ಅಂದಾಂವ, ಹಿಂದಿಂದ ನೂಕಿದಾಂವ ಅಗೋ ಅಲ್ಲಿ ಕುಂತಾನ, ಕಳಕಪ್ಪ. ಇದು ಅವನ ರುಮಾಲರಿ."

ಯಮನಪ್ಪ ಕಾಲ ಹೆಬ್ಬೆರಳು ನೋಡುತ್ತಿದ್ದ. ಸಾಹೇಬರು ನಗುಮುಖದಿಂದ ದಸ್ತಗೀರರ ಕಡೆ ತಿರುಗಿದರು. ದಸ್ತಗೀರರು ಒಂದು ಕ್ಷಣ ಅಯ್ಯಪ್ಪನನ್ನು, ಮೈಗೆ ಬಿಗಿದುಕೊಂಡಿದ್ದ ತಮ್ಮ ಕೋಟನ್ನು ನೋಡಿದರು. ಆಮೇಲೆ ನಿಧಾನವಾಗಿ ಉರ್ದುವಿನಲ್ಲಿ ನಾಲ್ಕು ಮಾತು ಹೇಳಿದರು. ಸಾಹೇಬರು "ಬಹುತ್ ಖೂಬ್, ಬಹುತ್ ಖೂಬ್" ಎನ್ನುತ್ತ ಅಯ್ಯಪ್ಪನ ಬೆನ್ನು ತಟ್ಟಿದರು. ಚಪ್ಪಾಳೆಯಾಯಿತು. ಕನ್ನಡ ಬಲ್ಲವರು ಸ್ವಲ್ಪ ತಡವಾಗಿ ತಟ್ಟಿದರು.

ಸಾಹೇಬರ ಮೋಟಾರು ಹೋದಮೇಲೆ ದಸ್ತಗೀರರು ಅವನನ್ನು ಔಷಧದ ಕೋಣೆಗೆ ಎಳೆದುಕೊಂಡು ಹೋದರು. "ನೌಕರಿ ಹೋಗಿತ್ತಲ್ಲೋ ಹುಚ್ಚಪ್ಯಾಲಿ! ಹೇಣ್ತಿ ಮಕ್ಕಳಿಗೆ ಏನು ಹಾಕಾಂವ ಇದ್ದಿ?"

"ನೀವು ಏನಂತ ಹೇಳಿದ್ರಿ ಅವರಿಗೆ?"

"ಬೊಂಬು ನಾಲ್ಕೂ ಮಂದಿದು, ನನ್ನೊಬ್ಬಂದಲ್ಲ ಅಂತಾನ ಅಂದೆ. ಅದೇನು ಸುಳ್ಳ?" ದಸ್ತಗೀರರು ಸಿಟ್ಟಿನಿಂದಲೇ ಕೋಟಿನ ಗುಂಡಿ ಬಿಚ್ಚತೊಡಗಿದರು.

ಹೊರಗೆ ಬಂದಾಗ ಬಸವಣ್ಣೆಮ್ಮ ಕಟ್ಟೆಯ ಹತ್ತಿರ ಒಬ್ಬಳೇ ನಿಂತಿದ್ದಳು. ಅನ್ನಮ್ಮ ಬಂಡಿ ಹೂಡಿಸುತ್ತಿದ್ದಳು. ಅಯ್ಯಪ್ಪ ನಾಲ್ಕು ಹೆಜ್ಜೆ ದೂರದಲ್ಲೇ ನಿಂತ. ರುಮಾಲು ಕೈಯಲ್ಲಿತ್ತು.

"ಕೇಳಿತ್ತೇನವಾ ಅವತ್ತು?" ಎಂದ.

"ಕೇಳಿತ್ತು. ಬಾಯಿ ಬಿಡಾಕ ತ್ರಾಣ ಇರಲಿಲ್ಲ ನನಗ. ನಾ ಇದ್ದೇನಿ, ಇದ್ದೇನಿ ಅಂತ ಒಳಗ ಒದರಾಕತ್ತಿದ್ನಿ, ಹೊರಗ ಒಂದು ಸಪ್ಪಳನೂ ಹೋಗವಲ್ದು." ಅವಳು ಕೂಸಿನ ಕುಲಾಯಿ ಸರಿಮಾಡಿದಳು. "ಆ ಇಳಸ್ರಿ ಅಂದ ದನಿ ಇನ್ನೂ ಕನಸಿನಾಗ ಬರತೈತಿ ಅಯ್ಯಪ್ಪಣ್ಣ. ಬಂದಾಗ ಎದ್ದು ಕೂಸಿನ ಮುಟ್ಟಿ ನೋಡತೇನಿ."

ಅಯ್ಯಪ್ಪ ರುಮಾಲನ್ನು ಜರಿ ಒಳಗಾಗುವಂತೆ ಮಡಚಿದ.

"ಇನ್ನೊಂದು ದನಿ ಇತ್ತು," ಎಂದಳು ಅವಳು. "ಹಳ್ಳ ದಾಟಿದ ಮ್ಯಾಲ ದಾರಿ ತುಂಬ, ಬಂತವಾ, ಬಂತು, ಇನ್ನೊಂದು ಹೊಲ, ಇನ್ನೊಂದ ಹೊಲ, ಜೀವ ಹಿಡಕೋ ಅನ್ನಕೋತ ಓಡಿದಾಂವ ಒಬ್ಬಾಂವ ಇದ್ದ. ಆ ದನಿ ಹಿಡಕೊಂಡ ನಾ ಬಂದೆ. ಅವರಿಬ್ಬರೂ ಬ್ಯಾರೆ ಮಂದಿ ಅಂತ ತಿಳಿದಿದ್ನಿ. ಒಬ್ಬಂಗ ಕೈ ಮುಗೀಬೇಕು, ಇನ್ನೊಬ್ಬನ ಮಾರಿ ನೋಡಬಾರದು ಅಂತ ಬಂದಿದ್ನಿ. ಇವತ್ತು ನೀವು ಬಾಯಿ ಬಿಟ್ಟ ಮ್ಯಾಲ ಎರಡೂ ಒಂದ ದನಿ ಅಂತ ಗೊತ್ತಾತು."

"ನಾ ಹಂಗ ಅಂದದ್ದು ನನಗ ನೆಪ್ಪಿಲ್ಲವಾ."

"ನನಗ ನೆಪ್ಪೈತಿ," ಎಂದಳು. ಕೈ ಮುಗಿಯಲಿಲ್ಲ. ಮುಖ ತಿರುಗಿಸಲೂ ಇಲ್ಲ. ಬಂಡಿಯಿಂದ ಅತ್ತೆ ಕೂಗಿದಾಗ ಹೊರಟವಳು ನಡುವೆ ಕಳಕಪ್ಪನ ಹತ್ತಿರ ನಿಂತು, ಕೂಸನ್ನು ಅವನ ತೊಡೆಯ ಮೇಲೆ ಇಟ್ಟಳು. ಕಳಕಪ್ಪ ಗಾಬರಿಯಾಗಿ ಬೀಡಿ ಎಸೆದ. ಎರಡೂ ಕೈಯಲ್ಲಿ ಕೂಸನ್ನು ಎತ್ತಿ ತೂಗಿ ನೋಡಿದ. ತೂಕ ಸರಿಯಾಗಿದೆ ಎಂಬಂತೆ ತಲೆಯಾಡಿಸಿ ತಿರುಗಿ ಕೊಟ್ಟ.

ಬಂಡಿ ಹೋಯಿತು. ಅಯ್ಯಪ್ಪ ಬಂದು ರುಮಾಲನ್ನು ಕಳಕಪ್ಪನ ಮುಂದೆ ಹಿಡಿದ.

"ಒಲ್ಲೆ," ಎಂದ ಕಳಕಪ್ಪ. "ತಲಿ ಕಡೀತೈತಿ ಜರಿ."

ಇನ್ನೂ ಏನೋ ಹೇಳಬೇಕೆಂದು ಅಯ್ಯಪ್ಪ ನಿಂತಿದ್ದಾಗಲೇ ಕುದುರೆಯ ಮೇಲೆ ಒಬ್ಬ ಬಂದಿಳಿದ. ಎರಡು ಹರದಾರಿ ಆಚೆ ಕಣದಲ್ಲಿ ಬಣವೆಯ ಮೇಲಿಂದ ಬಿದ್ದು ಒಬ್ಬ ಹೆಣ್ಣುಮಗಳ ಕಾಲು ಮುರಿದಿತ್ತು. ಅಣ್ಣತಮ್ಮಂದಿರು ಡೋಲಿಯನ್ನು ಹೊರಗೆ ತಂದರು. ಬೊಂಬಿನ ಮುಂದಿನ ತುದಿ ಅಯ್ಯಪ್ಪನಿಗಾಗಿ ಖಾಲಿ ಇತ್ತು. ಅವನು ಸುತ್ತು ಹಾಕಿ ಹಿಂದೆ ಹೋಗಿ ಕೊನೆಯ ಜಾಗದಲ್ಲಿ ಹೆಗಲು ಕೊಟ್ಟ. ಕಳಕಪ್ಪ ಒಂದು ಗಳಿಗೆ ನಿಂತು, ಮುಂದಿನ ತುದಿಗೆ ಹೋಗಿ ಹೆಗಲು ಕೊಟ್ಟ.

ಹಿಂದೆ ಹೊರುವವನಿಗೆ ದಾರಿ ಕಾಣುವುದಿಲ್ಲ. ಕಲ್ಲು, ತಗ್ಗು, ಮುಳ್ಳು ಎಲ್ಲವನ್ನೂ ಮುಂದಿನವನು ಕೂಗಿ ಹೇಳಬೇಕು. ಹಿಂದಿನವರು ಕೇಳಿದೆವೆಂದು ಓಗೊಡಬೇಕು. ಊರ ಅಗಸಿ ಬಾಗಿಲು ದಾಟುವ ತನಕ ಮುಂದಿನಿಂದ ಸದ್ದೇ ಇರಲಿಲ್ಲ. ಜೋಳದ ಹೊಲಗಳ ನಡುವಿನ ದಾರಿಗೆ ಇಳಿದ ಮೇಲೆ ಕಳಕಪ್ಪ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಎಡಕ್ಕ ಕಲ್ಲೈತಿ," ಎಂದ ಮೆಲ್ಲಗೆ.

"ಐತಿ," ಎಂದ ಹಿಂದಿನಿಂದ ಅಯ್ಯಪ್ಪ, ಮತ್ತು ಕಾಲನ್ನು ಬಲಕ್ಕೆ ಇಟ್ಟ.