ಕುಲಾವಿಯ ಒಂಬತ್ತು ಹೊಲಿಗೆ

“ಇದರ ಗಂಟು ಎಲ್ಲಿದೆ?”

ನಮ್ಮ ಯಜಮಾನರು ಹೀಗೆ ಕೇಳುತ್ತಿದ್ದುದು ನನ್ನನ್ನಲ್ಲ, ಯಾರನ್ನೂ ಅಲ್ಲ. ಅವರದು ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ. ಬೆನ್ನು ಸಡಿಲಿದ ಹಳೆಯ ಪುಸ್ತಕ ಬಂದರೆ ಮೊದಲು ಹಿಂದಿನವರ ಹೊಲಿಗೆ ಬಿಚ್ಚಬೇಕು. ಬಿಚ್ಚುವುದಕ್ಕೆ ಗಂಟು ಸಿಗಬೇಕು. ಕನ್ನಡಕವನ್ನು ಹಣೆಗೇರಿಸಿ, ಹಾಳೆಗಳ ಮಡಿಕೆಯೊಳಗೆ ಹೆಬ್ಬೆರಳು ಆಡಿಸುತ್ತ, ಗಾಳಿಗೆ ಹೇಳಿದ ಹಾಗೆ ಕೇಳುವರು. ಸಿಕ್ಕಿದೊಡನೆ ಚಿಕ್ಕ ಕತ್ತಿಯ ತುದಿ ತಾಗಿಸಿದರೆ ದಾರ ತಾನಾಗಿ ಹೊರಗೆ ಬರುತ್ತಿತ್ತು. ಮನೆಯ ಮುಂದಿನ ಕೋಣೆಯಿಂದ ಬರುವ ಆ ಪ್ರಶ್ನೆಯನ್ನು ಕೇಳುತ್ತಲೇ ನಾನು ಮೂವತ್ತು ವರ್ಷ ಅಡಿಗೆ ಮಾಡಿದೆ.

ನನ್ನ ತಂಗಿ ಶ್ಯಾಮಲೆಯ ಮಗಳು ಹೇಮಾವತಿಗೆ ಮದುವೆ ಗೊತ್ತಾದ ವರ್ಷ ಅದು. ಧಾರೆ, ಸಪ್ತಪದಿ ನಮ್ಮ ಕ್ರಮದಲ್ಲೇ ಆಗಲಿ, ಉಳಿದ ಸಿಂಗಾರ, ಸಡಗರವೆಲ್ಲ ಐರ್ಲೆಂಡ್ ದೇಶದ ರೀತಿಯಲ್ಲಿ ಇರಬೇಕೆಂದು ಅವಳು ಹಟ ಹಿಡಿದಿದ್ದಳು. ಕಾರಣ ಇತ್ತು. ಆ ದೇಶದಿಂದ ಬಂದು ನಮ್ಮೂರ ಕಾನ್ವೆಂಟಿನಲ್ಲಿ ಬಾಳು ಸವೆಸಿದ ಸಿಸ್ಟರ್ ಡಿಂಪ್ನಾ ಹಿಂದಿನ ವರ್ಷ ತೀರಿಕೊಂಡಿದ್ದರು. ನನಗೆ ಕ್ರೋಶಾ ಕಡ್ಡಿ ಹಿಡಿಯುವುದನ್ನು ಕಲಿಸಿದವರೂ ಅವರೇ, ಎಷ್ಟೋ ವರ್ಷಗಳ ಮೇಲೆ ಇವಳಿಗೆ ಕಲಿಸಿದವರೂ ಅವರೇ.

“ಮದುವೇಲಿ ಅವರೇ ಇರಬೇಕಿತ್ತು,” ಎಂದಳು ಹೇಮಾ. “ಅವರಂತೂ ಇಲ್ಲ. ಅವರ ಊರಾದ್ರೂ ಇರ್ಲಿ.”

ಪುರೋಹಿತರಾದ ಜೋಯಿಸರನ್ನೂ ಕೂರಿಸಿಕೊಂಡು ಪಟ್ಟಿ ಮಾಡಿದೆವು. ಸೀರೆ ಹಸಿರು, ಸರಿ. ಚಪ್ಪರಕ್ಕೆ ಆ ದೇಶದ ಗುರುತಾದ ಮೂರೆಲೆಯ ಸೊಪ್ಪಿನ ತೋರಣ ಆಗಬೇಕು ಎಂದಳು ಹೇಮಾ.

“ಮೂರೆಲೆ ತಾನೇ? ಬಿಲ್ವಪತ್ರೆ ತರಿಸಿದ್ರಾಯ್ತು,” ಎಂದಳು ಶ್ಯಾಮಲೆ.

“ಬಿಲ್ವ ಶಿವನ ತಲೆ ಮೇಲೆ ಇರೋದಮ್ಮ, ಬೀಗರ ತಲೆ ಮೇಲಲ್ಲ,” ಎಂದರು ಜೋಯಿಸರು.

“ಮತ್ತೆ ಗಂಡು ಹೆಣ್ಣಿಗೆ ಒಂದು ಗಂಟೆ ಕೊಡ್ತಾರೆ. ಜಗಳ ಬಂದಾಗ ಬಾರಿಸಿದ್ರೆ ಇಬ್ಬರೂ ಸುಮ್ಮನಾಗ್ಬೇಕು,” ಎಂದಳು ಹೇಮಾ.

“ದೇವರ ಮುಂದೆ ನಾನು ದಿನಾ ಬಾರಿಸ್ತೀನಿ ಕಣೆ. ನಿಮ್ಮಪ್ಪ ಸುಮ್ಮನಾಗಿದ್ದು ಒಂದು ದಿನವೂ ಕಾಣೆ,” ಎಂದಳು ಶ್ಯಾಮಲೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವ ಜಾಗ ಬಂದಾಗ ನಗುವುದು ನನಗೆ ರೂಢಿಯಾಗಿತ್ತು.

ಆಗ ಹೇಮಾ ನನ್ನ ಕಡೆ ತಿರುಗಿದಳು. “ದೊಡ್ಡಮ್ಮ, ನಿಮ್ಮ ಮದುವೇಲಿ ಸಿಸ್ಟರ್ ಕೊಟ್ಟ ಲೇಸಿನ ಕರ್ಚೀಫು ನಿಮ್ಮ ಹತ್ರ ಇನ್ನೂ ಇದೆಯಂತೆ. ಅದನ್ನ ಹಿಡ್ಕೊಂಡೇ ನಾನು ಮಂಟಪಕ್ಕೆ ಬರ್ಬೇಕು. ಕೊಡ್ತೀರಾ?”

ಮದುವೆಗೆ ಕರೆಯುವ ಅಕ್ಷತೆಗೆ ಅರಿಶಿನ ಕಲಸುತ್ತಿದ್ದ ಶ್ಯಾಮಲೆಯ ಕೈ ನಿಂತಿತು. “ಅದೆಲ್ಲ ಈಗ್ಯಾಕೆ, ಹೇಮಾ,” ಎಂದಳು, ತಲೆ ಎತ್ತದೆ.

“ಕೊಡೋಣ,” ಎಂದೆ.

ಆ ದೇಶದಲ್ಲಿ ಒಂದು ಪದ್ಧತಿ ಇದೆಯಂತೆ. ಮದುವಣಗಿತ್ತಿ ಹಿಡಿದ ಕರವಸ್ತ್ರಕ್ಕೆ ಒಂದಷ್ಟು ಹೊಲಿಗೆ ಹಾಕಿ ಮೊದಲ ಮಗುವಿಗೆ ಕುಲಾವಿ ಮಾಡುತ್ತಾರೆ. ಮಗು ಬೆಳೆದು ಮದುವೆಯಾಗುವ ದಿನ ಹೊಲಿಗೆ ಬಿಚ್ಚಿದರೆ ಅದು ಮತ್ತೆ ಕರವಸ್ತ್ರ. ನನ್ನದು ಕುಲಾವಿಯಾಗಿಯೇ ಉಳಿದಿತ್ತು. ಹೇಮಾಗೆ ಇದು ಗೊತ್ತಿರಲಿಲ್ಲ. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವಾಗ ಮಗುವಿಗೆ ಅದನ್ನು ತೊಡಿಸಿದ್ದೆವು. ಮಗು ಹದಿನಾಲ್ಕು ದಿನ ಇತ್ತು.

ನಮ್ಮ ತಂದೆ ದೇವಸ್ಥಾನದ ಜಗಲಿಯಲ್ಲಿ ಪದ್ಯ ಓದುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿಯ ಪ್ರಸಂಗ ಬಂದರೆ ಕಂಬಕ್ಕೆ ಒರಗಿ ಕುಳಿತ ನಾನು, ಏಳೆಂಟು ವರ್ಷದವಳು, ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ನನ್ನ ಸರದಿ ಬಂದಾಗ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ದೇವರಿಗೆ ದೀಪ ಹಚ್ಚುವುದನ್ನು ನಾನು ಬಿಡಲಿಲ್ಲ. ಏನನ್ನೂ ಬೇಡಲೂ ಇಲ್ಲ. ಯಜಮಾನರು ಮೂರನೆಯ ದಿನವೇ ಕೆಲಸಕ್ಕೆ ಕುಳಿತರು. ಆ ಮಗುವಿನ ಹೆಸರನ್ನು ಆಮೇಲೆ ನಾವಿಬ್ಬರೂ ಎತ್ತಲಿಲ್ಲ. ಅವರು ಮರೆತರೆಂದೇ ತಿಳಿದೆ; ಅದಕ್ಕೂ ನೋವೇನೂ ಆಗಲಿಲ್ಲ.

ಮನೆಗೆ ಬಂದು ಟ್ರಂಕಿನಿಂದ ಕುಲಾವಿ ತೆಗೆದೆ. ಅಂಗೈಯಷ್ಟು ಇತ್ತು. ಒಂಬತ್ತು ಹೊಲಿಗೆ ಕಂಡವು, ಗಂಟು ಕಾಣಲಿಲ್ಲ. ಕಾಣದಿದ್ದುದೂ ಸಹಜವೇ. ಬಾಣಂತಿ ಸೂಜಿ ಹಿಡಿದರೆ ಕಣ್ಣು ಹೋಗುತ್ತದೆಂದು ಅಮ್ಮ ನನಗೆ ಹೊಲಿಯಲು ಬಿಟ್ಟಿರಲಿಲ್ಲ. ಅದನ್ನು ಹೊಲಿದವರು ಯಜಮಾನರು, ಪುಸ್ತಕ ಹೊಲಿಯುವ ಮೇಣದ ದಾರದಲ್ಲೇ. ಅವರು ಹಾಕಿದ ಗಂಟು ಬೇರೆಯವರಿಗೆ ಸಿಗುವುದಲ್ಲ. ಕಂಡಲ್ಲಿ ಕತ್ತರಿ ಹಾಕಿದರೆ ಲೇಸು ಬಿಟ್ಟುಕೊಳ್ಳುತ್ತಿತ್ತು.

ಮುಂದಿನ ಕೋಣೆಗೆ ಹೋದೆ. ಅವರು ಯಾವುದೋ ಪುಸ್ತಕದ ಹಳೆಯ ದಾರ ಎಳೆಯುತ್ತಿದ್ದರು. ಕುಲಾವಿಯನ್ನು ಹಲಗೆಯ ಮೇಲಿಟ್ಟೆ.

“ಹೇಮಾಗೆ ಕರವಸ್ತ್ರ ಬೇಕಂತೆ. ಇದನ್ನ ಬಿಚ್ಚಿಕೊಡಿ.”

ನಾನು ಕೇಳಿದ್ದಕ್ಕೆಲ್ಲ “ಆಗಲಿ” ಎನ್ನುವ ಮನುಷ್ಯ ಅವರು. ಕತ್ತಿಯನ್ನು ಬಲಗೈಯಲ್ಲೇ ಹಿಡಿದು, ಎಡಗೈಯಲ್ಲಿ ಕುಲಾವಿ ಎತ್ತಿಕೊಂಡರು. ಗಂಟು ಎಲ್ಲಿದೆ ಎಂಬ ಎಂದಿನ ಪ್ರಶ್ನೆಗೆ ನಾನು ಕಾದೆ. ಅವರು ಕೇಳಲಿಲ್ಲ. ಕನ್ನಡಕವನ್ನೂ ಏರಿಸಲಿಲ್ಲ. ಹೆಬ್ಬೆರಳು ಎಲ್ಲೂ ಹುಡುಕದೆ ಕುಲಾವಿಯ ಬಲಗಿವಿಯ ಕಡೆಯ ಮಡಿಕೆಯೊಳಗೆ ನೇರವಾಗಿ ಹೋಗಿ ನಿಂತಿತು.

ಆ ಬೆರಳು ದಾರಿ ಮರೆತಿರಲಿಲ್ಲ. ನಾನು ಸ್ಟೂಲಿನ ಮೇಲೆ ಕುಳಿತುಕೊಂಡೆ.

ಅವರು ಕತ್ತಿಯನ್ನು ಕೆಳಗಿಟ್ಟರು.

“ಹುಡುಗಿಗೆ ಮಾತು ಕೊಟ್ಟಿದ್ದೀನಿ,” ಎಂದೆ.

“ಹೊಸದು ಹೆಣೆದು ಕೊಡು. ಮದುವೆಗೆ ಇನ್ನೂ ತಿಂಗಳಿದೆ.”

“ಅವಳು ಕೇಳಿದ್ದು ಇದನ್ನ. ಬಿಚ್ಚಿಬಿಡಿ.”

ಹೆಬ್ಬೆರಳು ಗಂಟಿನ ಮೇಲೆಯೇ ಇತ್ತು.

“ಇಲ್ಲ,” ಎಂದರು. “ಇದನ್ನ ನಾನು ಬಿಚ್ಚೋದಿಲ್ಲ.”