ಅರ್ಜಿಯಲ್ಲಿದ್ದ ತಂಗಿ

ತಾಳಿ ತಾಳಿ, ಈ ಕಾಗದಾನ ಮಡಚಿ ಜೇಬಿಗೆ ಹಾಕ್ಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದ್ರೆ ಬಯ್ಕೊಳ್ಳಿ. ಅದರಲ್ಲೂ ನೀವು ಒಬ್ಬರೇ ಇರೋರಾದ್ರೆ ಎರಡು ಸಲ ಕೇಳಿ.

ಬಾಡಿಗೆ ಮನೆ ಹುಡುಕೋ ಕಷ್ಟಾನ ನಿಮಗೆ ನಾನು ಹೇಳ್ಕೊಡ್ಬೇಕಾ? ಬಾಗಿಲು ತಟ್ಟಿದ ತಕ್ಷಣ ಮೊದಲನೇ ಪ್ರಶ್ನೆ, "ಎಷ್ಟು ಜನ?" "ಒಬ್ಬಳೇ" ಅಂದ್ರೋ, ಬಾಗಿಲು ಅರ್ಧ ಮುಚ್ಚೇಬಿಡುತ್ತೆ. "ಅಯ್ಯೋ, ನಿನ್ನೆ ತಾನೇ ಬೇರೆಯವರಿಗೆ ಮಾತು ಕೊಟ್ವಲ್ಲ!" ಹೊರಗೆ 'ಮನೆ ಬಾಡಿಗೆಗಿದೆ' ಬೋರ್ಡು ಮಾತ್ರ ಹಾಗೇ ನೇತಾಡ್ತಿರುತ್ತೆ.

ನಮ್ಮ ಇಸ್ತ್ರಿ ಅಕ್ಕ ಹೀಗೆ ಹನ್ನೊಂದು ಬಾಗಿಲು ತಟ್ಟಿದ್ರು. ಐವತ್ತೆಂಟು ವಯಸ್ಸು. ದೊಡ್ಡ ಹೋಟೆಲೊಂದರ ನೆಲಮಾಳಿಗೇಲಿ ಬೆಡ್‌ಶೀಟ್ ಇಸ್ತ್ರಿ ಮಾಡ್ತಾರೆ. ಜೋಡಿ ಮಂಚದ ಬೆಡ್‌ಶೀಟು ಮಡಚೋಕೆ ಇಬ್ಬರು ಬೇಕು, ಅಲ್ವಾ? ಅಕ್ಕ ಗೋಡೆಗೆ ಎರಡು ಮೊಳೆ ಹೊಡೆಸ್ಕೊಂಡಿದ್ದಾರೆ. ಎರಡು ಮೂಲೆ ಮೊಳೆಗೆ ಸಿಕ್ಕಿಸಿ, ಇನ್ನೆರಡು ಮೂಲೆ ಹಿಡ್ಕೊಂಡು ಗೋಡೆ ಹತ್ತಿರ ಹೋಗ್ತಾರೆ, ಹಿಂದಕ್ಕೆ ಬರ್ತಾರೆ, ಮತ್ತೆ ಹೋಗ್ತಾರೆ. ದಿನಾ ಇದೇ.

"ಜೊತೆಗೊಬ್ಬರನ್ನ ಕೊಡಿ ಅಂತ ಕೇಳ್ಬಾರ್ದಾ ಅಕ್ಕಾ?" ಅಂದ್ರೆ, "ಮೊಳೆ ರಜ ಹಾಕಲ್ಲ ಕಣೇ" ಅಂತಾರೆ.

ಅವರಿದ್ದ ಕಟ್ಟಡ ಒಡೀತಾರಂತೆ. ತಿಂಗಳ ಕೊನೇಲಿ ಖಾಲಿ ಮಾಡಿ ಅಂತ ನೋಟೀಸು ಬಂತು. ನಾನು ಮನೆ ಇಲ್ದೋರಿಗೆ ಬಾಡಿಗೆ ಮನೆ ಕೊಡೋ ಸಂಘದ ಆಫೀಸಲ್ಲಿ ಅರ್ಜಿ ತಗೊಳ್ಳೋ ಹುಡುಗಿ ತಾನೆ, ಓಡ್ಕೊಂಡು ಹೋದೆ.

"ಅಕ್ಕಾ, ಕಾನ್ವೆಂಟ್ ಮನೆಗೆ ಅರ್ಜಿ ಹಾಕಿ!"

"ಈ ವಯಸ್ಸಲ್ಲಿ ನಂಗ್ಯಾಕಮ್ಮಾ ಸ್ಕೂಲು?"

"ಸ್ಕೂಲಲ್ಲ ಅಕ್ಕಾ! ಮದುವೆ ಆಗ್ದೆ ದೇವರ ಸೇವೆಗೆ ಅಂತ ಇದ್ದ ಸಿಸ್ಟರ್‌ಗಳ ಹಳೇ ಕಟ್ಟಡ. ಈಗ ಅದನ್ನ ಕಮ್ಮಿ ಬಾಡಿಗೆ ಮನೆಗಳಾಗಿ ಮಾಡಿದ್ದಾರೆ. ಸಂಬಳದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬಾಡಿಗೆ ಕೇಳಲ್ಲ."

"ಅದೆಲ್ಲ ಸಂಸಾರಸ್ಥರಿಗೆ. ನನ್ನಂಥ ಒಂಟಿ ಪಿಶಾಚಿಗೆ ಯಾರು ಕೊಡ್ತಾರೆ?"

"ಕೊಡ್ತಾರೆ ಅಕ್ಕಾ, ನಿಯಮದಲ್ಲೇ ಇದೆ!"

"ನಿಯಮ ಕಾಗದದ ಮೇಲಿರುತ್ತೆ, ಬಾಗಿಲಲ್ಲಿ ಬೇರೆಯವರು ನಿಂತಿರ್ತಾರೆ. ಹೋಗು, ನಂಗೆ ಕೆಲಸ ಇದೆ."

ಆದ್ರೂ ಅರ್ಜಿ ಇಸ್ಕೊಂಡ್ರು. ಎರಡು ದಿನ ಬಿಟ್ಟು ನಾಲ್ಕು ಮಡಿಕೆ ಮಾಡಿ ತಂದ್ಕೊಟ್ರು. ನಾನು ಬಿಚ್ಚಿ ನೋಡದೇನೇ ಟ್ರೇಗೆ ಹಾಕ್ದೆ. ಅದು ನನ್ನ ತಪ್ಪು, ಒಪ್ಕೋತೀನಿ.

ಅರ್ಜಿ ಹಾಕಿದ ಎಲ್ಲರ ಮನೆಗೂ ಸಂಘದವರು ಒಂದು ಸಲ ಹೋಗಿ ಬರ್ತಾರೆ. ಆ ಕೆಲಸ ಮಾಡೋದು ಅಜ್ಜಿ ಸಿಸ್ಟರ್. ಎಂಬತ್ತು ದಾಟಿದೆ. ಆ ಕಾನ್ವೆಂಟಲ್ಲಿ ಬಾಳಿದವರಲ್ಲಿ ಈಗ ಉಳಿದಿರೋದು ಅವರೊಬ್ಬರೇ. ಅಲ್ಲೇ ಮೇಲಿನ ಮಹಡೀಲಿ ಒಂದು ಕೋಣೇಲಿದ್ದಾರೆ, ಎಲ್ಲರ ಹಾಗೆ ಬಾಡಿಗೇನೂ ಕಟ್ತಾರೆ. ನಾನು ಫೈಲ್ ಹಿಡ್ಕೊಂಡು ಅವರ ಹಿಂದೆ ಹೋದೆ.

ಅಕ್ಕನ ಕೋಣೇಲಿ ಎರಡು ತಟ್ಟೆ, ಎರಡು ಲೋಟ. ಹಗ್ಗದ ಮೇಲೆ ಎರಡು ಟವೆಲ್ಲು. ಇದೇನಪ್ಪಾ ಅಂತ ಅರ್ಜಿ ಬಿಚ್ಚಿದೆ. 'ವಾಸಿಸುವವರು' ಅನ್ನೋ ಕಡೆ ಬರ್ದಿದ್ರು: ನಾನು, ನನ್ನ ತಂಗಿ. ಪಕ್ಕದಲ್ಲಿ ತಂಗಿ ಹೆಸರು, ದುಂಡಗೆ.

ತಂಗಿ! ಆರು ವರ್ಷದಿಂದ ಗೊತ್ತು ಅಕ್ಕ ನಂಗೆ. ಒಂದು ದಿನಾನೂ ತಂಗಿ ಮಾತೇ ಎತ್ತಿಲ್ಲ.

"ತಂಗಿ ಎಲ್ಲಮ್ಮಾ?" ಅಂದ್ರು ಸಿಸ್ಟರ್, ನನ್ನ ಕೈಲಿದ್ದ ಅರ್ಜಿ ಇಣುಕಿ ನೋಡಿ.

"ಕೆಲಸಕ್ಕೆ ಹೋಗಿದ್ದಾಳೆ."

"ಬರೋದು ಎಷ್ಟು ಹೊತ್ತಾಗುತ್ತೆ?"

"ತಡ ಆಗುತ್ತೆ... ತುಂಬಾ ತಡ."

ಸಿಸ್ಟರ್ ಕಣ್ಣು ಕಿಟಕಿ ಹತ್ತಿರ ಹೋಯ್ತು. ಲೋಟದಲ್ಲಿ ಹಲ್ಲುಜ್ಜೋ ಬ್ರಷ್ಷು ಎರಡು. ಒಂದು ಹಳೇ ಪೊರಕೆ ತರ ಸವೆದಿದೆ. ಇನ್ನೊಂದಕ್ಕೆ ಅಂಗಡಿಯಿಂದ ತಂದಾಗಿನ ಪ್ಲಾಸ್ಟಿಕ್ ಟೋಪಿ ಹಾಗೇ ಇದೆ. ಎರಡನೇ ಟವೆಲ್ಲಲ್ಲಿ ಇಸ್ತ್ರಿ ಗೆರೆ ಕೂಡ ಅಳಿಸಿಲ್ಲ!

ನಾನು ಬಾಯಿ ತೆಗೆದೆ, "ಅಕ್ಕಾ, ನಿಮಗೆ ತಂಗಿ ಯಾವಾಗ..." ಅನ್ನೋದ್ರೊಳಗೆ ಸಿಸ್ಟರ್ ನನ್ನ ಕಾಲು ತುಳಿದ್ರು. ಎಂಬತ್ತರ ಕಾಲು, ಆದ್ರೆ ಏನು ಭಾರ ಅಂತೀರಿ!

ಆಮೇಲೆ ಒಂದು ಲೋಟ ನೀರು ಕೇಳಿ ಇಸ್ಕೊಂಡು, ತಮ್ಮ ಕಥೆ ಶುರು ಮಾಡಿದ್ರು.

"ನಾವು ನಲವತ್ತೊಂದು ಜನ ಇದ್ವಮ್ಮಾ. ನಲವತ್ತೊಂದು ಕೋಣೆ. ಕೋಣೆಗೊಂದು ಮಂಚ, ಒಂದು ಕುರ್ಚಿ, ಒಂದು ಕಿಟಕಿ. ಹೊಸಬರು ಬರೋದು ನಿಂತುಹೋಯ್ತು. ಇದ್ದವರು ಒಬ್ಬೊಬ್ಬರೇ ಹೋದ್ರು. ಕೊನೆಗೆ ಆ ಉದ್ದ ಊಟದ ಮೇಜಿಗೆ ಐದೇ ಜನ. ಹತ್ತಿರ ಹತ್ತಿರ ಕೂರ್ಬಹುದಿತ್ತು. ಆದ್ರೆ ಅವರವರ ಜಾಗ ಬಿಟ್ಟು ಯಾರೂ ಏಳ್ಲಿಲ್ಲ. ಉಪ್ಪು ಬೇಕು ಅಂದ್ರೆ ಎದ್ದು ನಡೀಬೇಕಿತ್ತು."

ಅಕ್ಕ ನಿಂತಲ್ಲೇ ಕೇಳ್ತಿದ್ರು.

"ಸೂರು ಸೋರ್ತಿತ್ತು. ಹೋಟೆಲಿನವರು ಕೊಳ್ಳೋಕೆ ಬಂದ್ರು. ನಾವು ಐದೂ ಜನ ಕೈ ಎತ್ತಿ ಬೇಡ ಅಂದ್ವಿ. ಮನೆ ಇಲ್ದೋರಿಗೆ ಕಮ್ಮಿ ಬಾಡಿಗೆಗೆ ಕೊಡೋದಾದ್ರೆ ಮಾತ್ರ ತಗೊಳ್ಳಿ ಅಂತ ಸಂಘಕ್ಕೆ ಬರ್ಕೊಟ್ವಿ. ಬೀದಿಯವರು ಕೂಗಾಡಿದ್ರು, ಕಂಡೋರೆಲ್ಲ ಬಂದು ಸೇರ್ಕೋತಾರೆ ಅಂತ. ಬರ್ಲಿ ಅಂತಾನೇ ತಾನೆ ನಾವು ಕೊಟ್ಟಿದ್ದು? ಕೆಳಗಡೆ ಎರಡೆರಡು ಕೋಣೆ ಸೇರಿಸಿ ಸಂಸಾರದ ಮನೆ ಮಾಡಿದ್ರು. ಮೇಲಿನ ಮಹಡಿ ಮುಟ್ಟಬೇಡಿ ಅಂತ ನಾನೇ ಹಠ ಹಿಡಿದೆ. ಒಬ್ಬೊಬ್ಬರೇ ಇರೋರಿಗೂ ತಲೆ ಮೇಲೆ ಸೂರು ಬೇಕಲ್ಲ."

ಲೋಟ ಕೆಳಗಿಟ್ರು. "ಈಗ ನೋಡು, ಸಂಸಾರದ ಮನೆಗೆ ಅರವತ್ತಮೂರು ಅರ್ಜಿ ಸಾಲಲ್ಲಿವೆ. ಒಬ್ಬೊಬ್ಬರ ಕೋಣೆ ಒಂಬತ್ತು ಖಾಲಿ, ಅರ್ಜಿ ಆರೇ ಆರು."

ಅಕ್ಕನ ಮುಖ ನೋಡೋಕಾಗ್ಲಿಲ್ಲ ನಂಗೆ.

ಹೊರಡೋವಾಗ ಸಿಸ್ಟರ್ ಬಾಗಿಲಲ್ಲಿ ನಿಂತ್ರು. "ಸುಳ್ಳು ವಿವರ ಇದ್ರೆ ಅರ್ಜಿ ಬಿದ್ದುಹೋಗುತ್ತೆ, ಅದು ನಿಯಮ. ಕೊನೇ ದಿನದೊಳಗೆ ತಾವೇ ಬಂದು ತಿದ್ದಿದ್ರೆ ತಪ್ಪಿಲ್ಲ, ಅದೂ ನಿಯಮ. ಕೊನೇ ದಿನ ಗುರುವಾರ. ನಾನು ವರದಿ ಬರೆಯೋದು ಗುರುವಾರ ಸಂಜೆ. ವಯಸ್ಸಾಯ್ತಲ್ಲಮ್ಮಾ, ಕೈ ನಿಧಾನ."

ಗುರುವಾರ ಐದು ಗಂಟೆಗೆ ಆಫೀಸು ಮುಚ್ಚುತ್ತೆ. ಮೂರಾಯ್ತು, ನಾಲ್ಕಾಯ್ತು, ಅಕ್ಕ ಪತ್ತೆ ಇಲ್ಲ. ನಾಲ್ಕೂವರೆಗೆ ಬಂದ್ರು. ಬಟ್ಟೇಲಿ ಇಸ್ತ್ರಿ ಹಬೆ ವಾಸನೆ ಇನ್ನೂ ಹೋಗಿರ್ಲಿಲ್ಲ. ನಾನು ಅರ್ಜಿ ತೆಗೆದಿಟ್ಟೆ, ಪೆನ್ನು ಕೊಟ್ಟೆ. ಅಕ್ಕ ಹೆಸರು ನೋಡ್ತಾ ಕೂತ್ರು.

"ಒಂದು ಗೀಟು ಹಾಕಿದ್ರೆ ಆಯ್ತಲ್ಲ ಅಕ್ಕಾ" ಅಂದೆ. ಬಾಯಿಬಡುಕಿ ನಾನು.

"ಒಂದು ಗೀಟಾ?" ಅಂದ್ರು. "ಅವಳು ತೀರ್ಕೊಂಡು ಹತ್ತೊಂಬತ್ತು ವರ್ಷ ಆಯ್ತು. ಆಸ್ಪತ್ರೆ ಪಟ್ಟೀಲಿ ಹೊಡೆದು ಹಾಕಿದ್ರು. ಬ್ಯಾಂಕಲ್ಲಿ ಹೊಡೆದು ಹಾಕಿದ್ರು. ಓಟಿನ ಪಟ್ಟೀಲೂ. ಮನೆ ಸಿಗ್ಲಿ ಅಂತಾನೇ ಇಲ್ಲಿ ಬರ್ದೆ, ಸುಳ್ಳು ಹೇಳಲ್ಲ. ಆದ್ರೆ ಬರ್ದಾದ ಮೇಲೆ ನೋಡ್ತೀನಿ, ನನ್ನ ಪಕ್ಕದಲ್ಲಿ ಅವಳ ಹೆಸರು. ಚೆನ್ನಾಗಿ ಕಾಣ್ತು ಕಣೇ. ಇಲ್ಲೂ ಹೊಡೀಬೇಕಾ? ನನ್ನ ಕೈಯಾರೆ?"

ನಾನು ಸೀಲನ್ನ ಪಕ್ಕಕ್ಕೆ ಸರಿಸಿಟ್ಟೆ.

ವರದಿ ಬರೆಯೋಕೆ ಅಂತ ಬಂದಿದ್ದ ಸಿಸ್ಟರ್ ಕುರ್ಚಿ ಎಳ್ಕೊಂಡು ಅಕ್ಕನ ಪಕ್ಕ ಕೂತ್ರು. "ಹೊಡೀಬೇಕು ಮಗಳೇ. ನಮ್ಮಲ್ಲಿ ಊಟಕ್ಕೆ ಕೂರೋರ ಹೆಸರಿನ ಪಟ್ಟಿ ನನ್ನ ಹತ್ತಿರಾನೇ ಇತ್ತು. ನಲವತ್ತು ಹೆಸರು ಹೊಡ್ದಿದ್ದೀನಿ, ಒಂದೊಂದಾಗಿ. ಎಷ್ಟು ಹೊಡೆದ್ರೂ ಅಭ್ಯಾಸ ಆಗಲ್ಲ."

ಆಮೇಲೆ ಅರ್ಜಿ ಕೊನೇಲಿ ಬೆರಳಿಟ್ರು. ಅಲ್ಲೊಂದು ಸಾಲಿದೆ, 'ಬೇರೆ ಏನಾದರೂ ತಿಳಿಸುವುದಿದೆಯೇ?' ಅಂತ. "ಇಲ್ಲಿ ಯಾರೂ ಏನೂ ಬರೆಯಲ್ಲ. ಸುಮ್ನೆ ಖಾಲಿ ಬಿದ್ದಿರುತ್ತೆ."

ಅಕ್ಕ ಮೇಲಿನ ಹೆಸರಿನ ಮೇಲೆ ಗೀಟು ಎಳೆದ್ರು. ಮೆಲ್ಲಗೆ, ಅಕ್ಷರಕ್ಕೆ ನೋವಾಗ್ದಿರೋ ಹಾಗೆ. ಕೆಳಗೆ ಬಂದು ಬರೆದ್ರು: 'ನನಗೊಬ್ಬಳು ತಂಗಿ ಇದ್ದಳು.' ಮುಂದೆ ಹೆಸರು, ಅದೇ ದುಂಡು ಅಕ್ಷರ.

ನಾನು ಸೀಲು ಒತ್ತಿದೆ. ಐದಕ್ಕೆ ಹತ್ತು ನಿಮಿಷ ಇತ್ತು.

ಈಗ ಅಕ್ಕ ಮೇಲಿನ ಮಹಡೀಲಿದ್ದಾರೆ. ಒಂಟಿತನ ಹೋಯ್ತಾ ಅಂತೀರಾ? ಇಲ್ಲ, ನಾನ್ಯಾಕೆ ಬಣ್ಣ ಹಚ್ಚಿ ಹೇಳ್ಲಿ. ಸಂಜೆ ಹೊತ್ತು ಆ ಉದ್ದ ಪಡಸಾಲೇಲಿ ಚಪ್ಪಲಿ ಸದ್ದು ಒಂದೇ ಕೇಳುತ್ತೆ. ಆದ್ರೆ ಖಾಲಿ ಮಾಡು ಅನ್ನೋರಿಲ್ಲ, ಎಷ್ಟು ಜನ ಅಂತ ಕೇಳೋರಿಲ್ಲ.

ಅಲ್ಲಿ ಇನ್ನೂ ಎರಡು ಕೋಣೆ ಖಾಲಿ ಇವೆ. ದಯವಿಟ್ಟು ಸಂಘದ ಆಫೀಸಿಗೆ ಬನ್ನಿ. ಒಬ್ಬರೇ ಇದ್ರೂ ಅರ್ಜಿ ಹಾಕ್ಬಹುದು. ಅರ್ಜಿಗೆ ದುಡ್ಡಿಲ್ಲ. ಬರೆಯೋಕೆ ಬರಲ್ಲ ಅಂದ್ರೆ ನಾನು ಬರ್ಕೊಡ್ತೀನಿ, ಈ ಸಲ ಬಿಚ್ಚಿ ಓದ್ತೀನಿ ಕೂಡ. ಇಲ್ಲದ ಜನರನ್ನ ಸೇರಿಸ್ಬೇಡಿ. ಈಗಾಗ್ಲೇ ಸೇರಿಸಿದ್ರೆ ಹೆದರ್ಬೇಡಿ, ಕೊನೇ ದಿನದೊಳಗೆ ಬಂದು ತಿದ್ದಿ. ನಿಮ್ಮ ಬೀದೀಲಿ ಯಾರಾದ್ರೂ ಒಬ್ಬರೇ ಮನೆ ಹುಡುಕ್ತಾ ಇದ್ರೆ ಈ ಕಾಗದ ಅವರ ಕೈಗೆ ಕೊಡಿ.

ಒಂದು ಮಾತು ಮಾತ್ರ ನಿಮ್ಮನ್ನ ಕೇಳ್ಬೇಕು ಅನ್ಸುತ್ತೆ. ಆ ಗುರುವಾರ ಅಕ್ಕನ ಜಾಗದಲ್ಲಿ ನೀವು ಕೂತಿದ್ದಿದ್ರೆ, ಏನು ಮಾಡ್ತಿದ್ರಿ?