ಬೈರಣ್ಣನ ಅಂಗಳಕ್ಕೆ ಬಂದ ಎರಡು ಸೀಟಿನ ಕಾರು

ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಕನಕಪುರ ರಸ್ತೆ ಮೇಲೆ ನಾನು ಕಾರು ಓಡಿಸಿದ ವೇಗಕ್ಕೆ ನನ್ನ ನೆರಳು ನನ್ನಿಂದ ಕಳಚಿಕೊಂಡು ಸಾರಕ್ಕಿ ಸಿಗ್ನಲ್ಲಿನಲ್ಲೇ ಉಳಿದುಬಿಟ್ಟಿತು. ನಾನು ಕೋಣನಕುಂಟೆ ಕ್ರಾಸಿನಲ್ಲಿ ಎಳನೀರು ಕುಡಿದು, ಕಾಯೊಳಗಿನ ಗಂಜಿ ಕೆರೆದು ತಿಂದು, ಬಾಯಿ ಒರೆಸಿಕೊಳ್ಳುವ ಹೊತ್ತಿಗೆ ಅದು ಹಿಂದಿನ ಬಸ್ಸು ಹಿಡಿದು ಬಂತು. ಬಂದದ್ದೇ, ಟಿಕೆಟ್ ಕಾಸು ಕೊಡು ಅಂತ ಜಗಳಕ್ಕೆ ನಿಂತಿತು. ನಂಬದಿದ್ದರೆ ಬಿಡಿ. ಹೇಳುವುದು ನನ್ನ ಕೆಲಸ, ನಂಬುವುದು ನಿಮ್ಮ ಕೆಲಸ. ಅವರವರ ಕೆಲಸ ಅವರವರು ಮಾಡೋಣ.

ನಾನು ಮನು, ಕೋಣನಕುಂಟೆ ಬೈರಣ್ಣನ ಒಬ್ಬನೇ ಮಗ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಹೊಲದ ಗುರುತಿಗೆ ಅಂತ ಉಳಿದಿರೋದು ಅಂಗಳದ ಮೂಲೆಯ ಬೋರ್‌ವೆಲ್ ಒಂದೇ. ಅದರ ನೀರು ನಮ್ಮ ಟ್ಯಾಂಕರ್ ಹತ್ತಿ ಜೆ.ಪಿ. ನಗರ, ಬಿಟಿಎಂ ಲೇಔಟ್ ಮನೆಗಳಿಗೆಲ್ಲ ಹೋಗುತ್ತದೆ. ನಾನು ಒಂದು ದಿನ ಮುನಿಸಿಕೊಂಡರೆ ಅರ್ಧ ಬೆಂಗಳೂರು ಸ್ನಾನ ಮಾಡದೆ ಆಫೀಸಿಗೆ ಹೋಗಬೇಕು, ಅಂಥ ಆಸಾಮಿ ನಾನು. ಟ್ಯಾಂಕರ್ ಓಡಿಸೋದು ರಾಯಚೂರು ಕಡೆಯ ಭೀಮರಾಯ. ನಾನು ಓಡಿಸುತ್ತಿದ್ದದ್ದು ಮನೆಯ ಮ್ಯಾಟಡೋರ್ ವ್ಯಾನು.

ಆ ವ್ಯಾನಿನ ಕತೆ ಕೇಳಬೇಕು ನೀವು. ನನಗೆ ಲೈಸೆನ್ಸ್ ಬಂದ ಮಾರನೇ ದಿನದಿಂದ ನಮ್ಮ ವಂಶದಲ್ಲಿ ಯಾರೂ ಬಸ್ಸು ಹತ್ತಲಿಲ್ಲ. ಹೊಸಕೆರೆಹಳ್ಳಿಯಲ್ಲಿ ಹೆಣ್ಣು ನೋಡೋದು, ಸುಬ್ರಹ್ಮಣ್ಯಪುರದಲ್ಲಿ ನಾಮಕರಣ, ಎಲ್ಲೋ ತಿಥಿ, ಎಲ್ಲೋ ಬೀಗರೂಟ, ಎಲ್ಲದಕ್ಕೂ "ಮನು ಅವ್ನಲ್ವಾ, ಕರ್ಕೊಂಡ್ ಹೋಯ್ತಾನೆ." ಗೇರು ಹಾಕಬೇಕಾದರೆ ಯಾರದೋ ಮೊಣಕಾಲು ಪಕ್ಕಕ್ಕೆ ತಳ್ಳಬೇಕು. ತೊಡೆ ಮೇಲೆ ಯಾರದೋ ಮಗು, ಭುಜದ ಮೇಲೆ ಯಾರದೋ ನಿದ್ದೆ. ಒಂದು ಸಲ ಹಿಂದಿನಿಂದ ನೂಕಿ ನೂಕಿ ನಾನೇ ಕಿಟಕಿಯಿಂದ ಆಚೆ ಬಿದ್ದು, ವ್ಯಾನಿನ ಪಕ್ಕ ಓಡುತ್ತಾ ಸ್ಟೇರಿಂಗ್ ತಿರುಗಿಸಿದ್ದೇನೆ. ಒಳಗಿದ್ದವರಿಗೆ ಗೊತ್ತೇ ಆಗಲಿಲ್ಲ, ಅಂತ್ಯಾಕ್ಷರಿ ಆಡ್ತಿದ್ದರು.

ಆ ವರ್ಷ ಅಪ್ಪ ಮ್ಯಾಟಡೋರ್ ಕೊಟ್ಟು ಕ್ವಾಲಿಸ್ ತಗೊಳ್ಳೋದು ಅಂತ ತೀರ್ಮಾನ ಮಾಡಿದ. "ಕಂಪ್ನಿಯೋರು ಎಂಟು ಜನ ಅಂತಾರೆ. ನಮ್ಮೋರು ಹದ್ನಾರು ಜನ ಕೂರ್ಬೋದು" ಅಂತ ಅವನ ಲೆಕ್ಕ. ಚಿಕ್ಕಪ್ಪ ಮುನಿಯಣ್ಣ ಆಗಲೇ ಕಿಟಕಿ ಪಕ್ಕದ ಸೀಟು ಕಾದಿರಿಸಿಕೊಂಡಿದ್ದ. ನಾನು ಜಗಲಿಯಲ್ಲಿ ಎದ್ದು ನಿಂತು ಹೇಳಿದೆ.

"ನಾನು ಕ್ವಾಲಿಸ್ ಓಡ್ಸಲ್ಲ. ನಂಗೆ ಎರಡು ಸೀಟಿನ ಗಾಡಿ ಬೇಕು."

"ಎರಡು ಸೀಟಿಂದು ಸ್ಕೂಟರ್ ಕಣ್ಲಾ," ಅಂದ ಅಪ್ಪ.

"ಕಾರು ಅಪ್ಪಾ. ಸ್ಪೋರ್ಟ್ಸ್ ಕಾರು."

"ಅಂದ್ರೆ?"

"ಬೇಗ ಹೋಗುತ್ತೆ."

"ಎಲ್ಲಿಗೆ?"

ಈ ಪ್ರಶ್ನೆಗೆ ಅಂಥ ಕಾರು ಮಾಡುವ ಜಪಾನಿನವರ ಹತ್ತಿರವೂ ಉತ್ತರ ಇಲ್ಲ.

ಮುನಿಯಣ್ಣ ತೊಡೆ ತಟ್ಟಿಕೊಂಡು ನಕ್ಕ. "ನಾಳೆ ಹೆಂಡ್ತಿ ಬತ್ತಾಳೆ, ಪಕ್ಕದಾಗೆ ಕೂತ್ಕೊತಾಳೆ, ಸರಿ. ಮಗು ಆದ್ರೆ ಡಿಕ್ಕೀಗೆ ಹಾಕ್ತೀಯೇನ್ಲಾ?"

ಅಮ್ಮ ಬಾಗಿಲ ಸಂದಿಯಿಂದ ಮೆಲ್ಲಗೆ ಕೇಳಿದಳು. "ನಾನೆಲ್ಲಿ ಕೂರ್ಲಿ ಮಗಾ?"

"ನೀವೆಲ್ಲಾ ಕ್ವಾಲಿಸ್‌ನಲ್ಲಿ ಕೂತ್ಕೊಳಿ ಅಮ್ಮ. ಡ್ರೈವರ್ ಇಟ್ಕೊಳಿ. ಎಲ್ಲಾರ್ನೂ ಹೊತ್ತು ಹೊತ್ತು ಸಾಕಾಗಿದೆ ನಂಗೆ. ಇನ್ನು ಹೊರಲ್ಲ."

ಅಪ್ಪ ಎಲೆ ಅಡಿಕೆ ಉಗಿದು ಬಂದು ಕೂತ. "ನಿನ್ ದುಡ್ಡು, ನಿನ್ ಹಣೆಬರಾ. ತಗೋ. ಆದ್ರೆ ಆಯುಧ ಪೂಜೆ ದಿನ ಆ ಗಾಡಿ ತನ್ ಕಾಲ್ ಮೇಲೆ ತಾನೇ ಈ ಅಂಗಳಕ್ಕೆ ಬರ್ಬೇಕು. ಬಂದ್ರೆ ಇರ್ಲಿ. ಬರ್ನಿಲ್ವಾ, ತಗೊಂಡ್ ಕಡೀಕೇ ವಾಪಸ್ ಹೋಯ್ತದೆ, ನೀನು ಬಾಯ್ ಮುಚ್ಕೊಂಡು ಕ್ವಾಲಿಸ್ ಹತ್ತು."

"ಆಯ್ತು," ಅಂದೆ. ಆ "ಆಯ್ತು" ಎಷ್ಟು ಜೋರಾಗಿತ್ತು ಅಂದರೆ ಬನಶಂಕರಿಯಲ್ಲಿ ಇಬ್ಬರು ಮೂವರು "ಏನಾಯ್ತು?" ಅಂತ ಆಚೆ ಬಂದು ನೋಡಿದರಂತೆ.

ಹುಡುಕಾಟ ಶುರುವಾಯಿತು. ಬನಶಂಕರಿಯ ಒಬ್ಬ ಬ್ರೋಕರ್ ನನ್ನ ಬಜೆಟ್ ಕೇಳಿ, "ಸಾರ್, ಈ ದುಡ್ಡಿಗೆ ಸ್ಪೋರ್ಟ್ಸ್ ಕಾರಿನ ಫೋಟೋ ಬರುತ್ತೆ. ಫ್ರೇಮ್ ನೀವೇ ಹಾಕಿಸ್ಕೊಬೇಕು" ಅಂದ. ಇನ್ನೊಬ್ಬ ಒಂದು ಹಳೇ ಕಾರಿಗೆ ಕೆಂಪು ಪಟ್ಟೆ ಬಳಿದು, "ಪಟ್ಟೆ ಇದ್ರೆ ಸ್ಪೋರ್ಟ್ಸೇ ಅಣ್ಣಾ" ಅಂದ. ನಾನು ಬಿಡಲಿಲ್ಲ. ಜಯನಗರದ ಒಂದೊಂದು ಕ್ರಾಸನ್ನೂ ಎಷ್ಟು ಸಲ ಸುತ್ತಿದೆ ಅಂದರೆ ಅಲ್ಲಿನ ನಾಯಿಗಳು ನನ್ನನ್ನು ಬೀದಿ ಗಡಿಯವರೆಗೆ ಬೀಳ್ಕೊಡುತ್ತಿದ್ದವು.

ಕೊನೆಗೆ ಸಿಕ್ಕಿತು, ಒಂದು ಸಂಪಿಗೆ ಮರದ ಕೆಳಗೆ, ಟಾರ್ಪಾಲು ಹೊದ್ದುಕೊಂಡು. ಯಜಮಾನರು ತಿರುಮಲೇಶ ಅಂಕಲ್. ಮಸ್ಕತ್‌ನಲ್ಲಿ ಕೆಲಸದಲ್ಲಿದ್ದವರು, ವಾಪಸ್ ಬರುವಾಗ ಹಡಗಿನಲ್ಲಿ ತಂದಿದ್ದರಂತೆ. ಜಪಾನಿನ ಗಾಡಿ. ರಕ್ತಗೆಂಪು. ಎತ್ತರ ನನ್ನ ಸೊಂಟಕ್ಕೂ ಬರಲ್ಲ, ಹತ್ತೋದಲ್ಲ, ಇಳಿಯಬೇಕು. ಎರಡೇ ಬಾಗಿಲು, ಎರಡೇ ಸೀಟು. ಹೆಡ್‌ಲೈಟು ಕಾಣೋದೇ ಇಲ್ಲ. ಸ್ವಿಚ್ ಹಾಕಿದರೆ ನಿದ್ದೆಯಿಂದ ಎದ್ದವರ ಹಾಗೆ ರೆಪ್ಪೆ ತೆರೆದು ಮೇಲೆ ಬರುತ್ತವೆ. ಬಲಗಡೆಯದು ಮಾತ್ರ ಏಳುತ್ತಿರಲಿಲ್ಲ. ಹಾಗಾಗಿ ಸ್ವಿಚ್ ಹಾಕಿದಾಗಲೆಲ್ಲ ಗಾಡಿ ಕಣ್ಣು ಹೊಡೆಯುತ್ತಿತ್ತು. ನನಗೂ ಹೊಡೆಯಿತು. ಮುಗೀತು.

"ಎಷ್ಟೋ ಹೀರೋಗಳು ಬಂದು ಕೇಳಿದ್ರಪ್ಪಾ, ಕೊಡ್ಲಿಲ್ಲ. ನಿನ್ನ ಮುಖ ನೋಡಿದ್ಮೇಲೆ ಕೊಡಬೇಕು ಅನ್ನಿಸ್ತಿದೆ" ಅಂತ ಅಂಕಲ್ ನನ್ನ ಕೈ ಹಿಡಿದು ಗಳಗಳ ಅತ್ತರು. ನಾನು ರೇಟು ಏರಿಸುತ್ತಾ ಹೋದೆ, ಅವರು ಇಳಿಸುತ್ತಾ ಹೋದರು. ನನ್ನ ಬಜೆಟ್ಟಿನಲ್ಲಿ ಬಂದು ನಿಂತೆವು.

ಆಯುಧ ಪೂಜೆಯ ಬೆಳಿಗ್ಗೆ ಜಯನಗರದಿಂದ ಹೊರಟೆ. ಗುರು, ಏನು ಹೇಳ್ಲಿ! ಜೆ.ಪಿ. ನಗರದಲ್ಲಿ ಬೂದುಗುಂಬಳ ಮಾರುತ್ತಿದ್ದ ಆಂಟಿಗೆ ಗಾಡಿ ಕಣ್ಣು ಹೊಡೆಯಿತು, ಆಕೆ ಕಾಯಿ ಸಮೇತ ನಾಚಿಕೊಂಡಳು. ಸಾರಕ್ಕಿಯಲ್ಲಿ ಟ್ರಾಫಿಕ್ ಪೊಲೀಸ್ ಸೆಲ್ಯೂಟ್ ಹೊಡೆದ. ದಾರಿಯುದ್ದಕ್ಕೂ ನನ್ನ ಮುಂದೆ ನಮ್ಮದೇ ನೀರಿನ ಟ್ಯಾಂಕರ್ ಹೋಗುತ್ತಿತ್ತು. ಮನಸ್ಸು ಮಾಡಿದ್ದರೆ ಅದರ ಮೇಲೆ ಹಾರಿಸಿಕೊಂಡು ಹೋಗಬಹುದಿತ್ತು. ಆದರೆ ಹಬ್ಬದ ದಿನ ಗಂಗಮ್ಮನ್ನ ಹಿಂದೆ ಹಾಕಬಾರದು ನೋಡಿ, ಆ ಗೌರವಕ್ಕೆ ಒಂದೇ ಅಳತೆಯ ದೂರದಲ್ಲಿ ಅದರ ಹಿಂದೆಯೇ ಬಂದೆ. ನಮ್ಮ ಬೀದಿ ತಿರುವಿನಲ್ಲಿ ಭೀಮರಾಯ ಟ್ಯಾಂಕರ್ ನಿಲ್ಲಿಸಿ, ಇಳಿದು ಬಂದು, ನನ್ನ ಗಾಡಿಯ ಮುಂದೆ ಬಗ್ಗಿ ನಮಸ್ಕಾರ ಮಾಡಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಆ ಕಡೆಯವರಿಗೆ ಭಕ್ತಿ ಜಾಸ್ತಿ. ಅಲ್ಲಿಂದ ಇಳಿಜಾರು. ಹೂವಿನ ಹಾಗೆ ತೇಲಿಕೊಂಡು ಬಂದು ಅಂಗಳದ ನಡುಮಧ್ಯೆ ನಿಂತೆ.

ಇಡೀ ಬಳಗ ಅಲ್ಲಿತ್ತು. ಮ್ಯಾಟಡೋರ್‌ಗೆ ಬಾಳೆಕಂದು ಕಟ್ಟಿ ಮದುಮಗನ ಹಾಗೆ ನಿಲ್ಲಿಸಿದ್ದರು.

"ಸದ್ದೇ ಬರ್ನಿಲ್ವಲ್ಲಾ!" ಅಂದ ಮುನಿಯಣ್ಣ.

"ಜಪಾನಿನ ಇಂಜಿನ್ ಚಿಕ್ಕಪ್ಪಾ. ಸದ್ದು ಮಾಡೋದು ನಿಮ್ಮಂಥೋರು."

ಅಪ್ಪನ ಮೀಸೆ ಒಂದು ಕಡೆ ಸ್ವಲ್ಪ ಮೇಲೆ ಹೋಯಿತು. ಗೆದ್ದೆ ಅಂದುಕೊಂಡೆ. ಅಮ್ಮ ತಟ್ಟೆ ಹಿಡಿದು ಬಂದಳು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು, ಗಾಜಿಗೆ ವಿಭೂತಿ ಬಳಿದಳು. "ಬಾನೆಟ್ ತೆಗಿ ಮಗಾ, ಇಂಜಿನ್‌ಗೆ ಕುಂಕುಮ ಇಡ್ತೀನಿ" ಅಂದಳು. ನಮ್ಮ ಮನೆಯಲ್ಲಿ ಯಾವ ಗಾಡಿಗೇ ಆಗಲಿ, ಇಂಜಿನ್‌ಗೆ ಕುಂಕುಮ ಬೀಳದೆ ಪೂಜೆ ಆದಂತೆ ಅಲ್ಲ. ನಾನು ಜಂಬದಲ್ಲಿ ಬಾನೆಟ್ ಎತ್ತಿದೆ.

ಒಳಗೆ ಒಂದು ಸ್ಟೆಪ್ನಿ ಚಕ್ರ, ಒಂದಿಷ್ಟು ಒಣಗಿದ ಸಂಪಿಗೆ ಹೂವು. ಅಷ್ಟೇ.

"ಅಯ್ಯೋ ಸಿವ್ನೇ!" ಅಮ್ಮ ತಟ್ಟೆ ಕೆಳಗಿಟ್ಟು ಹಣೆ ಚಚ್ಚಿಕೊಂಡಳು. "ಇಂಜಿನ್ನೇ ಇಲ್ಲ ಕಣ್ರೀ! ನನ್ ಮಗನಿಗೆ ಬರೀ ಡಬ್ಬ ಮಾರವ್ರೆ!"

"ಅದ್ಕೇ ಸದ್ದು ಬರ್ನಿಲ್ಲ!" ಮುನಿಯಣ್ಣ ಕುಣಿದಾಡಿದ. "ಇಂಜಿನ್ ಆಮೇಲೆ ಪಾರ್ಸಲ್‌ನಾಗೆ ಬತ್ತದಂತಾ?"

ಅಂಗಳವೆಲ್ಲ ಗೊಳ್ಳೆಂದಿತು. ನಾನು ನಿಧಾನಕ್ಕೆ ನಡೆದು ಗಾಡಿಯ ಹಿಂದೆ ಹೋಗಿ ಡಿಕ್ಕಿ ತೆಗೆದೆ. ಸೀಟಿನ ಬೆನ್ನಿಗೇ ಒರಗಿಕೊಂಡು ಕೂತಿತ್ತು ಇಂಜಿನ್.

"ಇಂಥ ಗಾಡಿಗೆ ಇಂಜಿನ್ ಹಿಂದೆ ಇರುತ್ತೆ ಚಿಕ್ಕಪ್ಪಾ. ಮುಂದೆ ಇರೋದು ಎತ್ತಿನ ಗಾಡಿಗೆ."

ಬಳಗವೆಲ್ಲ ಹಿಂದಕ್ಕೆ ಓಡಿ ಬಂದು ಬಗ್ಗಿ ನೋಡಿತು. ಅಮ್ಮ ಕಣ್ಣೊರೆಸಿಕೊಂಡು ಕುಂಕುಮ ಹಿಡಿದು ಬಂದಳು. ಅಪ್ಪ ಅವಳನ್ನು ತಡೆದ. ದನದ ಬೆನ್ನು ಸವರುವ ಹಾಗೆ ಇಂಜಿನ್ ಮೇಲೆ ಅಂಗೈ ಇಟ್ಟ. ಅಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದ.

"ಜಯನಗರದಿಂದ ಓಡಿಸ್ಕೊಂಡ್ ಬಂದೆಯಾ?"

"ಗಾಳಿ ತರ."

"ಮತ್ತೆ ಇದ್ಯಾಕ್ಲಾ ಮಡಕೆ ನೀರಿನಂಗೆ ತಣ್ಣಗೈತೆ?"

"ಅದೇ ಟೆಕ್ನಾಲಜಿ ಅಪ್ಪಾ. ಬಿಸಿಯೇ ಆಗಲ್ಲ."

"ಓಹೋ. ಸ್ಟಾರ್ಟ್ ಮಾಡು, ನೋಡೋಣ."

ಒಳಗೆ ಕೂತು ಕೀ ತಿರುಗಿಸಿದೆ. ಇಂಜಿನ್ ಉಸಿರೆತ್ತಲಿಲ್ಲ. ಗಾಬರಿಗೆ ಕೈ ಲೈಟಿನ ಸ್ವಿಚ್ಚಿಗೆ ತಗುಲಿ, ಗಾಡಿ ನಮ್ಮಪ್ಪನಿಗೆ ಕಣ್ಣು ಹೊಡೆಯಿತು. ಆಗಲೇ ಭೀಮರಾಯ ಗೇಟಿನಲ್ಲಿ ಟ್ಯಾಂಕರ್ ನಿಲ್ಲಿಸಿ, ಹೆಗಲ ಮೇಲೆ ಹಗ್ಗದ ಸುರುಳಿ ಹಾಕಿಕೊಂಡು ಬಂದ.

"ಅಣ್ಣಾರ, ಈ ಹಗ್ಗ ಎಲ್ಲಿಡ್ಲಿರಿ? ಸಂಜೀಕ ಮತ್ತ ಎಳೀಬೇಕಂದ್ರ ಟ್ಯಾಂಕರ್‌ನಾಗ ಇಟ್ಕೊಂತೀನಿ."

ಅಂಗಳದಲ್ಲಿದ್ದವರೆಲ್ಲ ಮೊದಲು ಹಗ್ಗ ನೋಡಿದರು, ಆಮೇಲೆ ನನ್ನನ್ನು ನೋಡಿದರು.

ಅಪ್ಪ ಬೈತಾನೆ ಅಂತ ಕಾದೆ. ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದು ಮಾಡಿದ: ನನ್ನ ತಲೆ ಸವರಿದ. "ಹೋಗ್ಲಿ ಬಿಡು ಮಗಾ. ಓದ್ದೋರು, ಫಾರಿನ್ ನೋಡ್ದೋರು, ಹಳ್ಳಿ ಹೈದ ಅಂತ ಟೋಪಿ ಹಾಕವ್ರೆ. ಏಯ್ ಮುನಿಯಾ, ಎಲ್ಲಾರ್ನೂ ಮ್ಯಾಟಡೋರ್ ಹತ್ಸು. ಭೀಮರಾಯ, ಕಟ್ಟು ಹಗ್ಗ. ಈ ಡಬ್ಬನ ಆ ಜಯನಗರದೋನ ಬಾಗ್ಲಿಗೆ ಬಿಸಾಕಿ, ಕೊಟ್ಟ ದುಡ್ಡು ಕಕ್ಕಿಸ್ಕೊಂಡೇ ಬರೋಣ."

ಎಲ್ಲರ ಮುಖದಲ್ಲೂ ಮರುಕ. "ಪಾಪ ಹುಡ್ಗ, ಅವನೇನ್ ಮಾಡ್ತಾನೆ" ಅಂದರು. ಮುನಿಯಣ್ಣನೂ ತೋಳು ಮಡಚಿಕೊಂಡು ನನ್ನ ಪರವಾಗಿ ಹಲ್ಲು ಕಡಿದ. ಭೀಮರಾಯ ಗಾಡಿಯ ಮುಂದೆ ಬಗ್ಗಿ ಗಂಟು ಹಾಕತೊಡಗಿದ. ನಾನು ಸುಮ್ಮನಿದ್ದರೆ ಸಾಕಿತ್ತು. ಮೋಸ ಹೋದವನು ಅಂತ ಮರ್ಯಾದೆ ಉಳಿಯುತ್ತಿತ್ತು, ಒಬ್ಬಟ್ಟು ಎರಡು ಹೆಚ್ಚಿಗೆ ಬೀಳುತ್ತಿತ್ತು. ಗಾಡಿ ಮಾತ್ರ ಹೋಗುತ್ತಿತ್ತು. ನಾಳೆಯಿಂದ ಕ್ವಾಲಿಸ್, ಮತ್ತೆ ಅದೇ ಮೊಣಕಾಲುಗಳು.

"ಕಟ್ಬೇಡ ಭೀಮರಾಯ," ಅಂದೆ. "ಅಪ್ಪಾ, ಅವ್ರು ಮೋಸ ಮಾಡ್ಲಿಲ್ಲ."

"ನೀನು ಸುಮ್ಕಿರು."

"ಅವ್ರು ಮೊದ್ಲೇ ಹೇಳಿದ್ರು. ಟಾರ್ಪಾಲ್ ತೆಗೆಯೋಕೆ ಮುಂಚೆನೇ ಹೇಳಿದ್ರು, 'ಇದು ಓಡಲ್ಲಪ್ಪಾ, ಇಂಜಿನ್ ಜಾಮ್ ಆಗಿದೆ, ಪಾರ್ಟು ಈ ದೇಶದಲ್ಲೇ ಸಿಗಲ್ಲ, ಬೇಡ' ಅಂತ. ಕೂರಿಸಿ ಕಾಫಿ ಕೊಟ್ಟು ಬೇಡ ಅಂದ್ರು. ಅವ್ರು ಅಳ್ಲೂ ಇಲ್ಲ, ಯಾವ ಹೀರೋನೂ ಬಂದಿರ್ಲಿಲ್ಲ. ಓಡೋ ಗಾಡಿ ನನ್ನ ದುಡ್ಡಿಗೆ ಬರ್ತಿರ್ಲಿಲ್ಲ. ಓಡದೇ ಇರೋದು ಬಂತು. ಗೊತ್ತಿದ್ದೇ ತಗೊಂಡೆ."

"ಗೊತ್ತಿದ್ದೂ?" ಅಪ್ಪನ ಕೈ ನನ್ನ ತಲೆಯಿಂದ ಕೆಳಗಿಳಿಯಿತು. "ಯಾಕ್ಲಾ?"

"ಎರಡೇ ಸೀಟು ಇತ್ತಲ್ಲ, ಅದಕ್ಕೆ."

ಮೊದಲು ನಕ್ಕಿದ್ದು ಮುನಿಯಣ್ಣ. ಆಮೇಲೆ ಅಂಗಳವೆಲ್ಲ ನಕ್ಕಿತು. ಪಕ್ಕದ ಬಾಡಿಗೆ ಮನೆಗಳ ಬಾಲ್ಕನಿಗಳೂ ನಕ್ಕವು. ನಾನು ಬಾಗಿಲು ಧಡ್ ಅಂತ ಹಾಕಿಕೊಂಡೆ. ಗಾಜು ಇಳಿಸಿದೆ. "ನಗ್ರಪ್ಪಾ, ಚೆನ್ನಾಗಿ ನಗ್ರಿ. ನಾನು ಇಳಿಯಲ್ಲ. ಎಳೆಯೋದಾದ್ರೆ ನನ್ನನ್ನೂ ಸೇರಿಸಿ ಎಳೀರಿ."

ಒಬ್ಬಟ್ಟಿನ ಊಟಕ್ಕೆ ಕರೆದರು, ಇಳಿಯಲಿಲ್ಲ. ಅಮ್ಮ ಎಲೆ ತಂದು ಕಿಟಕಿಯಲ್ಲಿ ಕೊಟ್ಟಳು. ಕೊಟ್ಟು ಹೋಗದೆ, ಆ ಕಡೆ ಬಾಗಿಲು ತೆಗೆದು, ನೆಲಕ್ಕೆ ಕೂರುವ ಹಾಗೆ ಮೊಣಕಾಲು ಹಿಡಿದುಕೊಂಡು ಪಕ್ಕದ ಸೀಟಿಗೆ ಇಳಿದಳು. ಕುಂಕುಮದ ಬೆರಳನ್ನು ಸ್ಟೇರಿಂಗಿಗೆ ಒರೆಸಿದಳು. "ಮೆತ್ತಗೈತೆ," ಅಂದಳು.

ಅಪ್ಪ ಕೈ ತೊಳೆದು ಬಂದು ಬಹಳ ಹೊತ್ತು ನಮ್ಮಿಬ್ಬರನ್ನೂ ನೋಡಿದ. ಆಮೇಲೆ ಗೇಟಿನ ಕಡೆ ತಿರುಗಿ ಕೂಗಿದ. "ಟ್ಯಾಂಕರ್‌ಗೆ ದಾರಿ ಅಡ್ಡ ಆಯ್ತದೆ. ತಳ್ರಲಾ ಇದನ್ನ ಬೋರ್‌ವೆಲ್ ಮೂಲೆಗೆ. ಮುನಿಯಾ, ಕ್ವಾಲಿಸ್‌ಗೆ ಯಾರಾದ್ರೂ ಡ್ರೈವರ್ ಇದ್ರೆ ನೋಡು."

ಬಳಗವೆಲ್ಲ ಬಯ್ದುಕೊಂಡು ಬೆನ್ನು ಕೊಟ್ಟು ತಳ್ಳಿತು. ಚಕ್ರದ ಕೆಳಗಿದ್ದ ನಿಂಬೆಹಣ್ಣುಗಳು ಪಚಕ್ ಅಂದವು. ನಾನು ಸ್ಟೇರಿಂಗ್ ಹಿಡಿದಿದ್ದೆ, ಅಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಸ್ವಾಮಿ, ನಿಜ ಇಷ್ಟೇ. ನನ್ನ ಕಾರು ಜಯನಗರದಿಂದ ಬಂದದ್ದು ಹಗ್ಗದಲ್ಲಿ, ಗೇಟು ದಾಟಿದ್ದು ಇಳಿಜಾರಿನಲ್ಲಿ, ಮೂಲೆ ಸೇರಿದ್ದು ನೆಂಟರ ಬೆನ್ನಿನ ಬಲದಲ್ಲಿ. ಅದಕ್ಕಿಂತ ಒಂದಡಿ ಹೆಚ್ಚಿಗೆ ಓಡಿದೆ ಅಂತ ನಾನು ಎಲ್ಲಾದರೂ ಹೇಳಿದ್ದರೆ, ಅದು ಸುಳ್ಳು.